ಅರಸರು ಬಂದು ಉಂಡು ಹೋದ ಕೆರೆ

ನಿಮ್ಮೂರ ಕೆರೆ ಏರಿಯ ಶಾಸನಕಲ್ಲಿಗೆ ಬೆನ್ನು ಒರಗಿಸಿ ಎಷ್ಟೋ ಸಂಜೆ ಕಡಲೆಕಾಯಿ ಸುಲಿದು ತಿಂದಿದ್ದೀರಿ. ಅದರ ಮೇಲೆ ಏನು ಕೆತ್ತಿದೆಯೆಂದು ಒಮ್ಮೆಯಾದರೂ ತಿರುಗಿ ನೋಡಿದ್ದೀರಾ, ಓದುಗ ಮಹಾಶಯರೇ? ಇಲ್ಲ ತಾನೆ? ಹಾಗಾದರೆ ಕೇಳಿ.

ಬಹಳ ಹಿಂದೆ, ನೆನಪಿಗೂ ಅನುಮತಿ ಬೇಕಾಗಿದ್ದ ಕಾಲದಲ್ಲಿ, ಘನಘೋಷವೆಂಬ ರಾಜ್ಯವಿತ್ತು. ಅಲ್ಲಿ ಬಾಚಲೆ ಎಂಬ ತರುಣಿ ಇತಿಹಾಸ ಓದಿಕೊಂಡಿದ್ದಳು. ಓದಿದ್ದನ್ನು ಪಂಡಿತರ ಸಭೆಯಲ್ಲಿ ಮಂಡಿಸದೆ, ಪ್ರತಿ ಸಂತೆಯ ದಿನ ಕೆರೆ ಏರಿಯ ಮೇಲೆ ಕುಳಿತು ಬದನೆಕಾಯಿ ಮಾರುವವರಿಗೆ, ಕುರಿ ಕೊಳ್ಳಲು ಬಂದವರಿಗೆ ಅಲ್ಲಿನ ಕಲ್ಲಿನ ಶಾಸನವನ್ನು ಓದಿ ಹೇಳುತ್ತಿದ್ದಳು. ಇದು ಅವಳ ಮೊದಲ ಅಪರಾಧ.

"ಕೇಳ್ರಪ್ಪಾ. ಮಾಚವ್ವೆ ಅನ್ನೋ ಕುಂಬಾರಗಿತ್ತಿ ಊರವರನ್ನೆಲ್ಲ ಸೇರಿಸಿ ಈ ಕೆರೆ ಕಟ್ಟಿಸಿದಳು. ಏಳು ವರ್ಷ ಮಣ್ಣು ಹೊತ್ತರು. ಕೆಲಸ ಮುಗಿದ ದಿನ ಅರಸರು ಬಂದು, ಉಂಡು, ಹೋದರು."

"ಅಷ್ಟೇನಾ?" ಎಂದು ನೀರಗಂಟಿ ಸಿಂಗಣ್ಣ ಕೇಳುತ್ತಿದ್ದ. ಗದ್ದೆಗಳಿಗೆ ನೀರು ಬಿಡುವ ಮುದುಕ. ಉತ್ತರ ಗೊತ್ತಿದ್ದೂ ವಾರವಾರವೂ ಕೇಳುವನು.

"ಎರಡು ಸಲ ಬಡಿಸಿಕೊಂಡರು ಅಂತಲೂ ಬರೆದಿದೆ ಸಿಂಗಣ್ಣ."

ಸಂತೆಯೆಲ್ಲ ನಗುತ್ತಿತ್ತು. ಶಾಸನದ ಕೊನೆಯ ಸಾಲಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ: 'ಈ ಕಲ್ಲನ್ನು ಕಿತ್ತವನು ಕೆರೆಯನ್ನು ಕೊಂದವನು.'

ನಗೆಯ ವರದಿ ಅರಮನೆಗೆ ಮುಟ್ಟಿತು. ಶ್ರೀಮನ್ಮಹಾರಾಜ ವಿಜೃಂಭಣ ಭೂಪಾಲರು ಬಾಚಲೆಯನ್ನು ಕರೆಸಿದರು. ಪಕ್ಕದಲ್ಲಿ ಗತವೈಭವ ಖಾತೆಯ ಮಂತ್ರಿ ಉಘೇಶ್ವರ ಕೈಮುಗಿದು ನಿಂತಿದ್ದ. ಮುಗಿದ ಕೈಗಳನ್ನು ಅವನು ಬಿಡಿಸಿದ್ದನ್ನು ಕಂಡವರಿರಲಿಲ್ಲ; ಊಟವನ್ನೂ ಇನ್ನೊಬ್ಬರು ಮಾಡಿಸುತ್ತಿದ್ದರು.

"ನಮ್ಮ ಪೂರ್ವಜರು ಬರಿದೆ ಉಂಡರೆ?" ಎಂದರು ದೊರೆ.

"ಕಲ್ಲಿನ ಮೇಲೆ ಹಾಗಿದೆ, ಪ್ರಭು."

"ಮಹಾಸ್ವಾಮಿ," ಎಂದ ಉಘೇಶ್ವರ, "ಸಮೀಕ್ಷೆ ಮಾಡಿಸಿದ್ದೇನೆ. ನಡೆದದ್ದರ ಬಗ್ಗೆ ನೂರಕ್ಕೆ ಎಂಬತ್ತು ಮಂದಿಗೆ ಅಸಮಾಧಾನವಿದೆ. 'ಉಂಡರು' ಎಂಬಲ್ಲಿ 'ಕಾದಿ ಗೆದ್ದರು' ಎಂದು ಈ ತಾಯಿ ಓದಲಿ. ಆಸ್ಥಾನದ ಜನಪ್ರಿಯ ಇತಿಹಾಸತಜ್ಞೆಯ ಪದವಿ, ಪಲ್ಲಕ್ಕಿ, ಧ್ವನಿವರ್ಧಕ ಎಲ್ಲ ಸಿದ್ಧ."

"ಯಾರ ಮೇಲೆ ಕಾದಿದ್ದು ಸ್ವಾಮಿ? ಅನ್ನದ ಮೇಲಾ?"

ಸಭೆ ನಗಲು ಬಾಯಿ ತೆರೆದು, ದೊರೆಯ ಮುಖ ನೋಡಿ, ಆಕಳಿಸಿ ಮುಚ್ಚಿತು.

ಅಂದೇ ರಾಜಾಜ್ಞೆ ಹೊರಟಿತು. 'ಇನ್ನು ಮುಂದೆ ಹಿಂದೆ ನಡೆದ ಸಕಲ ಘಟನೆಗಳೂ ಪೂರ್ವಾನುಮತಿ ಪಡೆದೇ ನಡೆದಿರತಕ್ಕದ್ದು. ಸದರಿ ಕಲ್ಲನ್ನು ಅರಮನೆಯ ಇತಿಹಾಸ ಅನುಭವ ಕೇಂದ್ರಕ್ಕೆ ಸ್ಥಳಾಂತರಿಸತಕ್ಕದ್ದು.'

ಬಾಚಲೆ ಮುಂದೆ ಬಂದಳು. "ಪ್ರಭು, ನನ್ನ ಬಾಯಿ ಬೇಕಾದರೆ ಮುಚ್ಚಿಸಿ, ಕಲ್ಲು ಮುಟ್ಟಬೇಡಿ! ಕೆರೆ ನೀರು ಬಿಡುವ ತೂಬಿನ ಬಾಯನ್ನು ಬಿಗಿಹಿಡಿದಿರುವ ಕಂಬವೇ ಅದು. ಕೊನೆಯ ಸಾಲು ಶಾಪವಲ್ಲ, ಕಟ್ಟಿದವರು ಹೇಳಿಹೋದ ಎಚ್ಚರಿಕೆ."

"ಶಾಪವಾದರೆ ಶಾಂತಿ ಮಾಡಿಸಿದರಾಯಿತು," ಎಂದ ಉಘೇಶ್ವರ. "ಎಚ್ಚರಿಕೆಗೆ ನಮ್ಮಲ್ಲಿ ಖಾತೆಯೇ ಇಲ್ಲ."

ಹನ್ನೊಂದು ದಿನ ಶಾಂತಿ ನಡೆಯಿತು. ಹನ್ನೆರಡನೆಯ ದಿನ ಕಲ್ಲಿಗೆ ಪೇಟ ಸುತ್ತಿ, ಹಗ್ಗ ಬಿಗಿದು, ಊರವರನ್ನೇ ಎಳೆಯಲು ನಿಲ್ಲಿಸಿದರು. ಮೊನ್ನೆ ಮೊನ್ನೆ ನಕ್ಕವರೆಲ್ಲ ಇದ್ದರು. ಎಳೆದವರಿಗೆ ದೊರೆಯೊಡನೆ ಭಾವಚಿತ್ರವಂತೆ.

"ಬಿಡ್ರಪ್ಪೋ ಹಗ್ಗಾನ! ನೀವೇ ಕೇಳಿದ್ದೀರಲ್ಲ!" ಎಂದು ಬಾಚಲೆ ಕೂಗಿದಳು. ಡೋಲು ಜೋರಾಗಿತ್ತು.

ಕಲ್ಲು ಕಿತ್ತುಬಂತು. ಹಿಂದೆಯೇ ಕೆರೆಯೂ ಬಂತು.

ನೀರು ಮೊಣಕಾಲಿಗೇರಿದಾಗ ದೊರೆ ಮಂತ್ರಿಯ ಕಡೆ ನೋಡಿದರು. "ಗಂಗಾಮಾತೆಯೇ ತಮ್ಮ ಪಾದ ತೊಳೆಯಲು ಬಂದಳು, ಮಹಾಸ್ವಾಮಿ!" ಎಂದ ಉಘೇಶ್ವರ, ಕೈ ಬಿಡಿಸದೆಯೇ ತೇಲುತ್ತ. ಸಂಜೆಯೊಳಗೆ ಕೆರೆ ಬರಿದಾಯಿತು, ಕೆಳಗಿನ ಭತ್ತವೆಲ್ಲ ಕೆಸರಾಯಿತು. ಮರುದಿನವೇ ದೊರೆಗೆ 'ಜಲಸಮರವಿಜೇತ' ಎಂಬ ಬಿರುದಿನೊಡನೆ ಎರಡನೆಯ ಪಟ್ಟಾಭಿಷೇಕ. ಕಲ್ಲನ್ನು ನುಣ್ಣಗೆ ಉಜ್ಜಿ ಆ ಬಿರುದನ್ನೇ ಕೆತ್ತಿದರು. ವಿಜಯಕ್ಕೆ ಸಾಕ್ಷಿಯಾಗಿ ತುಂಬಿದ ಕೆರೆ ಬೇಕಾದ್ದರಿಂದ, ಮನೆಗೊಬ್ಬರು ದಿನಕ್ಕೆ ಹತ್ತು ಕೊಡಗಳಂತೆ ಎರಡು ಹರದಾರಿ ದೂರದ ಹೊಳೆಯಿಂದ ನೀರು ಹೊತ್ತು ಸುರಿಯಬೇಕೆಂದು ಅಪ್ಪಣೆಯಾಯಿತು. ತೂಬು ಇನ್ನೂ ತೆರೆದೇ ಇತ್ತು.

ಬಾಚಲೆ ಕಲ್ಲು ನಿಂತಿದ್ದ ಗುಂಡಿಯ ಪಕ್ಕ ಕುಳಿತು, ಹಾದುಹೋಗುವವರಿಗೆ ಆ ಸಾಲುಗಳನ್ನು ಬಾಯಿಪಾಠವಾಗಿ ಹೇಳತೊಡಗಿದಳು. ಕೊಡ ಹೊತ್ತವರು ನಿಲ್ಲುವಂತಿರಲಿಲ್ಲ. ಸಿಂಗಣ್ಣ ಒಬ್ಬ ನಿಂತ. ಅವನ ಅಂಗೈಯಲ್ಲಿ ಹಗ್ಗದ ಬರೆ ಇನ್ನೂ ಕೆಂಪಗಿತ್ತು.

"ಅಷ್ಟೇನಾ?" ಎಂದ, ಅಭ್ಯಾಸಬಲದಿಂದ. ಆಮೇಲೆ ತಲೆ ತಗ್ಗಿಸಿದ. "ವಾರವಾರ ಕೇಳಿ ನಕ್ಕೆ ಕಣವ್ವ. ಕೇಳಿದ್ದು ನನಗೇ ಹೇಳಿದ್ದು ಅಂತ ತಿಳೀಲಿಲ್ಲ."

ಮಹಾಶಯರೇ, ನಿಮ್ಮೂರಿನ ಕಲ್ಲು ಇನ್ನೂ ನಿಂತಿದೆ. ಈ ಪತ್ರಿಕೆಯನ್ನು ಮಡಿಸಿ ಏಳಿ. ಕಲ್ಲಿನ ಧೂಳು ಒರೆಸಿ, ಅದರಲ್ಲಿರುವುದನ್ನು ನಾಲ್ಕು ಜನಕ್ಕೆ ಕೇಳುವಂತೆ ಓದಿ. ನಾಳೆ ಯಾರಾದರೂ ಕೈಗೆ ಹಗ್ಗ ಕೊಟ್ಟರೆ, ದಯವಿಟ್ಟು ಕೆಳಗಿಡಿ.