ಎಡಕ್ಕೇ ಹೋಗುವ ಕೆಂಪು ಕಾರು

ಕಂಪನಿಯ ಅಸಲಿ ಸಾಮಾನು ಕೊಂಡವರ ಹತ್ತಿರ ಹೇಳಿಕೊಳ್ಳಲು ಕತೆ ಇರುವುದಿಲ್ಲ. ಸಸ್ತಾ ಹುಡುಕುವ ನಮ್ಮಂಥವರ ಮನೆಯಲ್ಲಿ ಮಾತ್ರ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಾನು ಔಷಧಿ ಅಂಗಡಿಗಳಿಗೆ ಮಾಲು ಹಾಕುವವನು. ಮನೆ ಆಳಂದ, ತಿರುಗಾಟ ಅಫಜಲಪುರ, ಜೇವರ್ಗಿ. ಮಕ್ಕಳಿಲ್ಲ. ವರ್ಗವಾಗಿ ಹೋಗುತ್ತಿದ್ದ ಡಾಕ್ಟರೊಬ್ಬರು ತಮ್ಮ ಹಳೆಯ ವಿಡಿಯೊ ಗೇಮ್ ಕನ್ಸೋಲನ್ನು ನನಗೆ ಕೊಟ್ಟು ಹೋದರು. ಇದೆಲ್ಲ ಶುರುವಾದದ್ದು ಅದರಿಂದ. ಆಮೇಲೆ ನಡೆದ ಸಂಗತಿಗಳಲ್ಲಿ ಕೆಲವನ್ನು ನೆನೆದರೆ ಈಗಲೂ ನಗು ಬರುತ್ತದೆ. ಉಳಿದವನ್ನು ನಗುತ್ತಲೇ ಹೇಳಲು ನೋಡುತ್ತೇನೆ.

೧. ಗೆದ್ದ ಕಾರು

ಕನ್ಸೋಲಿನ ಜೊತೆ ಬಂದದ್ದು ಒಂದೇ ಕಂಟ್ರೋಲರ್. ರೇಸಿನಲ್ಲಿ ನನ್ನ ಕಾರು ಹಳ್ಳಕ್ಕೆ ಬಿದ್ದರೆ ಹೆಂಡತಿಯ ಪಾಳಿ ಎಂದು ಮಾತಾಗಿತ್ತು. ನಾನು ಬೀಳುತ್ತಿರಲಿಲ್ಲ. ಅವಳು ಕಾದು ಕಾದು ಇನ್ನೊಂದು ತನ್ನಿ ಎಂದಳು. ಅಸಲಿಯ ಬೆಲೆ ಕೇಳಿದ ಮೇಲೆ, ಇಷ್ಟರಲ್ಲಿ ನಾಲ್ಕು ಇಳಕಲ್ ಸೀರೆ ಬರುತ್ತವೆ, ಬೇಡ ಎಂದವಳೂ ಅವಳೇ.

ಅಫಜಲಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಬೇರೆ ಯಾವುದೋ ಕಂಪನಿಯ ವೈರ್‌ಲೆಸ್ ಕಂಟ್ರೋಲರ್ ಸಿಕ್ಕಿತು. ಎಲ್ಲದಕ್ಕೂ ಹತ್ತುತ್ತದೆ ಎಂದು ಅಂಗಡಿಯವನು ಆಣೆ ಮಾಡಿದ. ಆ ಸಂಜೆ ಹೆಂಡತಿ ಕೆಂಪು ಕಾರು ತನ್ನದು ಎಂದು ಗುಂಡಿ ಒತ್ತುತ್ತಾ ಕೂತಳು. ಕೆಂಪು ಕಾರು ಮೊದಲು ಬಂತು. ಎದುರುಮನೆಯ ಆಯಿಗೆ ಹೋಗಿ ಹೇಳಿ ಬಂದಳು, ನಮ್ಮ ಮನೆಯವರಿಗೆ ಆಡಲು ಬರುವುದಿಲ್ಲ ಎಂದೂ ಸೇರಿಸಿದಳು.

ಮರುದಿನ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿದೆ. ಅದು ಬರೀ ಮೊಬೈಲಿಗೆ ಹತ್ತುವ ಮಾಲು. ನಮ್ಮ ಕನ್ಸೋಲಿಗೆ ಅದು ಸೇರಿಯೇ ಇರಲಿಲ್ಲ, ಕೆಂಪು ಕಾರು ಓಡಿಸಿದ್ದು ಕನ್ಸೋಲೇ. ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ವಾರ ಅವಳು ಗೆಲ್ಲುತ್ತಲೇ ಹೋದಳು. ಎಂಟನೆಯ ದಿನ ಕೆಂಪು ಕಾರು ಸೋತಿತು.

"ನೋಡ್ರಿ ನಿಮ್ಮ ಸಸ್ತಾ ಮಾಲು," ಎಂದಳು. "ಎಂಟು ದಿನಕ್ಕ ಕೆಟ್ಟು ಕುಂತದ."

೨. ಭೂಕಂಪ

ಎರಡನೆಯದನ್ನು ಜೇವರ್ಗಿಯಲ್ಲಿ ಕೊಂಡೆ. ಈ ಸಲ ನಮ್ಮ ಕನ್ಸೋಲಿನ ಫೋಟೊ ತೋರಿಸಿ, ಇದಕ್ಕೇ ಹತ್ತಬೇಕು ಎಂದು ಖಾತ್ರಿ ಮಾಡಿಕೊಂಡೆ. ಕಾರಿಗೆ ಏಟು ಬಿದ್ದರೆ ಕೈಯಲ್ಲಿ ಗಡಗಡ ನಡುಗುತ್ತದೆ, ಅದೇ ಇದರ ವಿಶೇಷ ಎಂದ ಅಂಗಡಿಯವನು. ಖರೇ ಹೇಳಿದ್ದ.

ಒಂದು ಸಂಜೆ ಹೆಂಡತಿ ಅದನ್ನು ಜೋಳದ ಹಿಟ್ಟಿನ ತಗಡಿನ ಡಬ್ಬದ ಮೇಲೆ, ತಾಟುಗಳ ನಡುವೆ ಇಟ್ಟು ಚಹಾ ಮಾಡಲು ಹೋದಳು. ಟಿವಿಯಲ್ಲಿ ನಿಂತಿದ್ದ ಅವಳ ಕಾರಿಗೆ ಹಿಂದಿನ ಕಾರುಗಳು ಒಂದರ ಮೇಲೊಂದು ಬಂದು ಗುದ್ದಿದವು. ಡಬ್ಬ ನಡುಗಿತು, ತಾಟುಗಳು ಉರುಳಿದವು, ಕಂಟ್ರೋಲರೂ ನೆಲಕ್ಕೆ ಬಿದ್ದು ಒಡೆಯಿತು. ಹಿಂದೊಮ್ಮೆ ಭೂಮಿ ನಡುಗಿದ್ದನ್ನು ಕಂಡಿದ್ದ ಆಯಿ ನಮ್ಮ ಬಾಗಿಲಲ್ಲೇ ಕೂತಿದ್ದಳು. ಎದ್ದು ಓಡಿ ಇಡೀ ಓಣಿಯನ್ನು ಹೊರಗೆ ಕರೆದಳು. ನಾವು ಒಡೆದ ಕಂಟ್ರೋಲರ್ ಹಿಡಿದುಕೊಂಡೇ ಹೊರಗೆ ಬಂದು ನಡೆದದ್ದು ಹೇಳಿದೆವು.

ಆಯಿ ಇಬ್ಬರನ್ನೂ ಮೇಲೆ ಕೆಳಗೆ ನೋಡಿದಳು. "ಇದಕ್ಕಿಂತ ಭೂಕಂಪಾಗಿದ್ರ ಚಲೋ ಇತ್ತು," ಎಂದಳು.

೩. ಕೂಸಿನ ವಯಸ್ಸು

ಆ ಬೇಸಿಗೆಯಲ್ಲಿ ಹೆಂಡತಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಬಲಗೈ ಸತ್ತ ಹಾಗಾಯಿತು. ಬೆರಳು ಆಡಿಸುತ್ತಿರಬೇಕು, ಇಲ್ಲದಿದ್ದರೆ ಸೆಟೆದುಕೊಳ್ಳುತ್ತವೆ ಎಂದು ಡಾಕ್ಟರು ಹಿಚುಕಲು ರಬ್ಬರಿನ ಚೆಂಡು ಕೊಟ್ಟರು. ಚೆಂಡು ಹಿಚುಕಿ ಯಾರನ್ನು ಗೆಲ್ಲುವುದಿದೆ ಎಂದು ಅವಳು ಅದನ್ನು ಮೂಲೆಗೆ ಒಗೆದಳು. ಆಗ ನನಗೆ ಮೂರನೆಯ ಕಂಟ್ರೋಲರಿನ ವಿಚಾರ ಬಂತು.

ಈ ಸಲ ಡಬ್ಬ ಓದಿ ಆರಿಸುವುದಲ್ಲ, ಅವಳ ಕೈಯೇ ಆರಿಸಬೇಕಿತ್ತು. ಆಳಂದದ ಅಂಗಡಿಯ ಮುಂದೆ ಆಟೊ ನಿಲ್ಲಿಸಿದೆ. ಅಂಗಡಿಯ ಟಿವಿ ಆಟೊದಲ್ಲೇ ಕೂತಿದ್ದ ಅವಳಿಗೆ ಕಾಣುತ್ತಿತ್ತು. ಅಂಗಡಿಯವನು ಒಂದೊಂದಾಗಿ ತಂದು ಅವಳ ತೊಡೆಯ ಮೇಲೆ ಇಟ್ಟ. ಒಂದು ಭಾರವಾಯಿತು. ಇನ್ನೊಂದರ ಗುಂಡಿ ಗಟ್ಟಿ. ಮತ್ತೊಂದು, ಒತ್ತಿದ ಎಷ್ಟೋ ಹೊತ್ತಿಗೆ ಮಾತು ಕೇಳುತ್ತಿತ್ತು.

"ಇದು ನನ್ನ ಕೈಯಂಗೇ ಅದ," ಎಂದು ಅದನ್ನು ವಾಪಸು ಕೊಟ್ಟಳು.

ನಾಲ್ಕನೆಯದು ಹಗುರಾಗಿತ್ತು. ಅವಳ ಬಲಗೈ ಹೆಬ್ಬೆರಳು ಅದರ ಗುಂಡಿಯನ್ನು ಒಮ್ಮೆ, ಒಂದೇ ಒಮ್ಮೆ, ಒತ್ತಿತು. ನಾನು ಅಲ್ಲೇ ಅಳುವವನಿದ್ದೆ. ಅಂಗಡಿಯವನು ಕಟ್ಟಿಕೊಡುತ್ತಾ, ಆಡುವುದು ಮನೆಯ ಮಕ್ಕಳೆಂದುಕೊಂಡು, ಕೂಸಿಗೆ ಎಷ್ಟು ವಯಸ್ಸು ಎಂದು ಕೇಳಿದ. ನಾನು ಬೇರೆ ಕಡೆ ಮುಖ ತಿರುಗಿಸಿದೆ.

"ಐವತ್ತೊಂದು," ಎಂದಳು ಹೆಂಡತಿ. "ಬಾಳ ಹಟ ಮಾಡ್ತದ್ರಿ."

೪. ಆಯುಧ ಪೂಜೆ

ಆಟದಲ್ಲಿ ಒಂದು ಅನುಕೂಲ ಇದೆ. ಅದನ್ನು ಹಾಕಿದರೆ ಕಾರು ತಾನೇ ಓಡುತ್ತದೆ, ರಸ್ತೆ ಬಿಟ್ಟು ಬೀಳುವುದಿಲ್ಲ, ಕಂಟ್ರೋಲರಿನಲ್ಲಿ ಬಲ ಹೆಬ್ಬೆರಳಿನಡಿ ಇರುವ ತಿರುಗಿಸುವ ಕಡ್ಡಿ ಆಡಿಸಿದರೆ ಸಾಕು. ಕೆಂಪು ಕಾರಿಗೆ ಅದನ್ನು ಹಾಕಿಟ್ಟೆ. ಅವಳು ಖರೇನೇ ಆಡತೊಡಗಿದಳು, ಸೋಲತೊಡಗಿದಳು. ಸೋತರೂ ಬೆರಳು ಆಡುತ್ತಿದ್ದವಲ್ಲ, ನನಗೆ ಅಷ್ಟು ಸಾಕಿತ್ತು.

ಮಹಾನವಮಿಯ ದಿನ ಈಳಿಗೆ, ಕತ್ತರಿ, ನನ್ನ ಮಾಲಿನ ಬ್ಯಾಗು ಎಲ್ಲದಕ್ಕೂ ಪೂಜೆ ಆಯಿತು. ನಾನು ನೀರು ತರುವಷ್ಟರಲ್ಲಿ ಅವಳು ಕಂಟ್ರೋಲರಿಗೂ ಒಂದು ಹಿಡಿ ಭಂಡಾರ ಸುರಿದಿದ್ದಳು. ಅರಿಷಿಣದ ಪುಡಿ ಕಡ್ಡಿಯ ಬುಡಕ್ಕೆ ಇಳಿಯಿತು. ಅಂದಿನಿಂದ ಮುಟ್ಟದಿದ್ದರೂ ಕಾರು ಎಡಕ್ಕೇ ಎಳೆಯತೊಡಗಿತು.

ನನಗೆ ಸಿಟ್ಟು ತಡೆಯಲಿಲ್ಲ. ಇಷ್ಟು ಅಲೆದು ಆರಿಸಿದ್ದು, ಬುದ್ಧಿ ಇಲ್ಲವೇನು ಎಂದು ಬೈದೆ.

"ಬಲಗೈ ಏಳಲಿಲ್ರಿ, ಎಡಗೈಲೇ ಹಾಕೀನಿ," ಎಂದಳು. "ಅದಕ್ಕ ಎಡಕ್ಕ ಹೊಂಟದ."

ನಾನು ನಕ್ಕೆ, ಅವಳೂ ನಕ್ಕಳು. ಬೈದದ್ದು ತಪ್ಪಾಯಿತು ಎಂದು ಹೇಳುವುದು ಹಾಗೇ ಉಳಿಯಿತು. ಶಿವರಾತ್ರಿಗೆ ಮುಂಚೆ, ಎರಡನೆಯ ಸಲ ಲಕ್ವಾ ಹೊಡೆದಾಗ ಅವಳು ಹೋದಳು.

೫. ದುರಸ್ತಿ

ಅವಳ ದಿನಕರ್ಮ ಮುಗಿದು ನೆಂಟರು ಹೋದ ಮೇಲೆ ಮನೆಯಲ್ಲಿ ಕೈಗೆ ಕೆಲಸವಿರಲಿಲ್ಲ. ಅವಳಿದ್ದಾಗ ಮಾಡಿಸಬೇಕಾಗಿದ್ದ ದುರಸ್ತಿಯನ್ನಾದರೂ ಮಾಡಿಸೋಣವೆಂದು ಕಂಟ್ರೋಲರನ್ನು ಅದನ್ನು ಕೊಂಡ ಅಂಗಡಿಗೇ ಒಯ್ದೆ. ಎರಡು ನಿಮಿಷದ ಕೆಲಸ ಕಾಕಾ ಎನ್ನುತ್ತಾ ಅಂಗಡಿಯವನು ಸ್ಕ್ರೂ ಬಿಚ್ಚಿದ. ಕಡ್ಡಿಯ ಬುಡದಲ್ಲಿ ಭಂಡಾರ ಹಾಗೇ ಇತ್ತು, ಹಳದಿ ಹಳದಿ. ಅವನು ಬ್ರಶ್ಶು ತಗೊಂಡ. ನಾನು ಅವನ ಕೈ ಹಿಡಿದೆ.

"ಬ್ಯಾಡಪಾ, ಮುಚ್ಚಿಬಿಡು."

"ಹಂಗೇ ಬಿಟ್ರ ಎಡಕ್ಕೇ ಹೋಗ್ತದ್ರಿ ಕಾಕಾ."

"ಹೋಗ್ಲಿ."

ಮನೆಗೆ ಬಂದು ಇಬ್ಬರ ಆಟ ಹಚ್ಚಿದೆ. ಅವಳ ಕಂಟ್ರೋಲರನ್ನು ಅವಳ ಜಾಗದಲ್ಲಿ, ದಿಂಬಿನ ಮೇಲೆ ಇಟ್ಟೆ. ನಾವು ಯಾವಾಗಲೂ ಆಡುತ್ತಿದ್ದ ಮೊಟ್ಟೆಯಾಕಾರದ ದಾರಿಯಲ್ಲಿ ತಿರುವುಗಳೆಲ್ಲ ಎಡಕ್ಕೇ ಇವೆ ಎಂಬುದನ್ನು ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ. ತಾನೇ ಓಡುವ ಅನುಕೂಲ ಹಾಗೇ ಹಾಕಿದ್ದುದರಿಂದ ಕೆಂಪು ಕಾರು ಎಡಗಡೆಯ ಗೋಡೆಗೆ ಮೈ ಉಜ್ಜುತ್ತಾ ನಿಧಾನಕ್ಕೆ ಹೊರಟಿತು. ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ನಾನು ಮುಂದಿದ್ದೆ, ಆದರೆ ಕಣ್ಣು ತುಂಬಿ ಟಿವಿಯೇ ಕಾಣದಾಯಿತು. ನನ್ನ ಕಾರು ಹಳ್ಳಕ್ಕೆ ಬಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಕೆಂಪು ಕಾರು ಗೆರೆ ದಾಟಿ ನಿಂತಿತ್ತು.

ಯಾರಿಗಾದರೂ ಹೇಳಲೇಬೇಕಿತ್ತು. ಎದುರುಮನೆಗೆ ಹೋದೆ. ಆಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಆಯಿ, ಇವತ್ತೂ ಅಕೀನೇ ಗೆದ್ದಳು," ಎಂದೆ.

ಆಯಿ ನನ್ನ ಮುಖ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಅಕ್ಕಿಗೆ ಕೈ ಹಾಕಿದಳು.

"ಗೆಲ್ಲದೇನು ಮಾಡ್ತಾಳೋ ತಮ್ಮಾ," ಎಂದಳು. "ನಿನಗ ಆಡ್ಲಾಕ ಎಲ್ಲಿ ಬರ್ತದ?"