ಗೂಡು ಆಯದೆ ನಿಂತವಳ ಸಾಕ್ಷಿ

ನನ್ನ ಕಾಲನ್ನು ಯಾರಾದರೂ ತುಳಿದರೆ ನಾನೇ ಮೊದಲು ‘ಸಾರಿ’ ಅನ್ನುತ್ತೇನೆ. ಇದು ಒಳ್ಳೆಯತನವಲ್ಲ, ಕಾನ್ವೆಂಟಿನ ಅಭ್ಯಾಸಬಲ. ಸಿಸ್ಟರ್ ಅಗ್ನೆಸ್ ನಮಗೆ ಕಲಿಸಿದ್ದೇ ಹಾಗೆ. ತಪ್ಪು ಯಾರದ್ದೆಂದು ವಿಚಾರಿಸುತ್ತಾ ಕೂರಬೇಡಿ ಗರ್ಲ್ಸ್, ಮೊದಲು ಸಾರಿ ಹೇಳಿಬಿಡಿ, ಟೈಮ್ ಉಳಿಯುತ್ತದೆ ಎನ್ನುತ್ತಿದ್ದರು. ಆ ಪಾಠ ಎಷ್ಟು ಮೈಗೆ ಹತ್ತಿದೆಯೆಂದರೆ, ಈಗಲೂ ಡೈನಿಂಗ್ ಟೇಬಲ್ಲಿನ ಮೂಲೆಗೆ ಮಂಡಿ ತಗುಲಿದರೆ ಟೇಬಲ್ಲಿಗೆ ಸಾರಿ ಹೇಳಿ ಮುಂದೆ ಹೋಗುತ್ತೇನೆ. ಇಂಥವಳಿಗೆ, ಪೆಟ್ಟು ತಿಂದವರು ಪೆಟ್ಟು ಕೊಟ್ಟವರ ಮೇಲೆ ಕೇಸು ಹಾಕಿ ಪರಿಹಾರ ಕೇಳಬಹುದು, ಅದಕ್ಕೆಂದೇ ಒಂದು ಕಾನೂನು, ಒಂದು ಕೋರ್ಟು, ಕತ್ತಿಗೆ ಬಿಳಿ ಬ್ಯಾಂಡು ಕಟ್ಟಿದ ವಕೀಲರ ಒಂದು ದಂಡೇ ಇದೆ ಎಂಬುದು ಎಪ್ಪತ್ತು ದಾಟುವವರೆಗೂ ಸರಿಯಾಗಿ ಗೊತ್ತಿರಲಿಲ್ಲ ಅಂದರೆ ನೀವು ನಂಬಬೇಕು. ಗೊತ್ತಾದದ್ದು ಜಯಮ್ಮನ ಮಣಿಕಟ್ಟಿನಿಂದ.

ಜಯಮ್ಮ ರಾಮನಗರದ ನಮ್ಮ ಬೀದಿಯ ಕೊನೆಯಲ್ಲಿರುವ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುವವಳು. ಬಿಸಿನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೇ ಕಾಣದ ಎಳೆಯನ್ನು ಹಿಡಿದೆತ್ತಿ ರಾಟೆಗೆ ಕೊಡುವ ಕೈ ಅವಳದು. ಆ ಬೇಯುವ ಗೂಡಿನ ವಾಸನೆ ಇದೆಯಲ್ಲ, ಅದಕ್ಕೆ ಹೆದರಿಯೇ ನನ್ನ ಬೆಂಗಳೂರಿನ ಕ್ಲಾಸ್‌ಮೇಟುಗಳು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಬಂದವರೂ ಕರ್ಚೀಫಿನ ಹಿಂದಿನಿಂದ ‘ಹೌ ಕ್ವೇಂಟ್!’, ಏನು ಹಳೇಕಾಲದ ಚೆಂದ, ಅಂದು ಹೊರಟರು. ಜಯಮ್ಮ ಮಾತ್ರ ದಿನಾ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ನಿಂತು ನನ್ನನ್ನು ಒಂದಿಷ್ಟು ರೇಗಿಸಿಯೇ ಕೆಲಸಕ್ಕೆ ಹೋಗುವುದು. “ಏನಮ್ಮಾರೆ, ಇನ್ನೂ ಪೇಪರ್ ಓದ್ತಾನೇ ಇದೀರಲ್ಲ? ನೆನ್ನೇದೇ ಮುಗ್ದಿಲ್ವಾ?” ನಾನು ಕ್ರಾಸ್‌ವರ್ಡ್ ತೋರಿಸಿದರೆ, “ಅಯ್ಯೋ, ತುಂಬಿದ್ ಮನೆ ಬುಟ್ಟು ಖಾಲಿ ಮನೆ ನೋಡ್ತಾ ಕೂತವ್ರೆ” ಅನ್ನುತ್ತಿದ್ದಳು.

ಅಂಥದೊಂದು ಬೆಳಿಗ್ಗೆ, ಮಾಗಡಿ ಕಡೆಯ ಗುಡೇಮಾರನಹಳ್ಳಿಯ ಪುಟ್ಟಸ್ವಾಮಿ ಎಂಬಾತ ಬೈಕಿನ ಹಿಂದೆ ಗೂಡಿನ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೊರಟಿದ್ದ. ಹರಾಜಿಗೆ ತಡವಾಗುತ್ತದೆಂದು ನಮ್ಮ ಬೀದಿಯಲ್ಲಿ ನುಗ್ಗಿದ. ನಮ್ಮ ಗೇಟಿನ ಎದುರಿಗೇ ಜಯಮ್ಮನಿಗೆ ಗುದ್ದಿದ. ಅವಳು ಬಲಗೈ ಊರಿ ಬಿದ್ದಳು. ಬೈಕು ಒಂದು ಕಡೆ, ಆತ ಒಂದು ಕಡೆ. ಮೂಟೆ ಹರಿದು ಬೀದಿಯ ಉದ್ದಕ್ಕೂ ಹಳದಿ ಗೂಡು.

ಬೇರೆ ಊರಿನಲ್ಲಾಗಿದ್ದರೆ ಜನ ಬಿದ್ದವರ ಸುತ್ತ ಸೇರುತ್ತಿದ್ದರು. ನಮ್ಮ ಊರಿನ ಜನ ಗೂಡಿನ ಸುತ್ತ ಸೇರಿದರು. ಅವರದು ಕಲ್ಲುಹೃದಯ ಅಂದುಕೊಳ್ಳಬೇಡಿ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹೊತ್ತುಹೊತ್ತಿಗೆ ಹಾಕಿ, ಮನೆಮಂದಿಯೆಲ್ಲ ಬಾಣಂತನ ಮಾಡಿದ ಹಾಗೆ ಮಾಡಿ ಬೆಳೆದದ್ದು ಅದು. ಒಬ್ಬರ ಚಪ್ಪಲಿ ಬಿದ್ದರೆ ಮುಗಿಯಿತು. ಕಿರಾಣಿ ಅಂಗಡಿಯವನು ಗಲ್ಲಾ ತೆರೆದಿಟ್ಟೇ ಓಡಿಬಂದ, ಮುನಿಸಿಕೊಂಡಿದ್ದ ಎರಡು ಮನೆಯವರು ಒಂದೇ ಬುಟ್ಟಿಗೆ ತುಂಬಿದರು. ಇದರಲ್ಲಿ ಅತಿಶಯವೇನೂ ಇಲ್ಲ. ಅತಿಶಯವೆಂದರೆ, ಗುದ್ದಿಸಿಕೊಂಡ ಜಯಮ್ಮನೂ ಎದ್ದು ಕೂತು, ಗುದ್ದಿದವನ ಗೂಡು ಆಯತೊಡಗಿದ್ದು.

“ಅಕ್ಕಾ, ಪೆಟ್ಟಾಯ್ತೇನಕ್ಕಾ?” ಪುಟ್ಟಸ್ವಾಮಿ ಕುಂಟುತ್ತಾ ಬಂದ.

“ನನ್ ಪೆಟ್ಟು ಇರ್ಲಿ ಕಣಣ್ಣ, ಅಲ್ಲಿ ಚರಂಡಿ ತಾವ್ಕೆ ಉಳ್ಳೋಯ್ತಾ ಐತೆ ನೋಡು! ಏಯ್, ತುಳೀಬ್ಯಾಡ್ರೋ! ಕಣ್ಣ ಮನೇಲಿ ಬುಟ್ ಬಂದಿದ್ದೀರಾ?”

ಇಡೀ ಬೀದಿ ಬಗ್ಗಿತ್ತು. ಬಗ್ಗದೆ ನಿಂತವಳು ನಾನೊಬ್ಬಳೇ. ನನ್ನ ಮಂಡಿಗಳು ಬಗ್ಗುವ ಕಾಲ ಮುಗಿದಿದೆ. ಹಾಗಾಗಿ ಗೇಟು ಹಿಡಿದು ನಿಂತು, ಹಳೆಯ ಟೀಚರುಗಳು ಮಾಡುವುದನ್ನು ಮಾಡಿದೆ. ಎಲ್ಲರಿಗೂ ಸೂಚನೆ ಕೊಟ್ಟೆ.

ಆಮೇಲಿನದು ಇನ್ನೂ ಚೆಂದ. ಜಯಮ್ಮನ ಮಣಿಕಟ್ಟು ಊದಿ ಬನ್ನಿನಂತಾಯಿತು. ಪುಟ್ಟಸ್ವಾಮಿ ಮರ್ಯಾದಸ್ಥ. ಹರಾಜು ಮುಗಿಸಿದವನೇ ಆಟೋ ಮಾಡಿ ಅವಳನ್ನು ಕನಕಪುರದ ಆಚೆ ಮೂಳೆಗೆ ಕಟ್ಟು ಹಾಕುವವರ ಹತ್ತಿರ ತಾನೇ ಕರೆದುಕೊಂಡು ಹೋದ. ಮೊಟ್ಟೆ, ಸೊಪ್ಪು, ಬಿದಿರಿನ ದಬ್ಬೆ, ಬಟ್ಟೆ. ಪೊಲೀಸರಿಗೆ ಹೇಳುವ ಮಾತೇ ಇಲ್ಲ. ಗುದ್ದಿದವನೇ ಬೇಜಾರು ಮಾಡಿಕೊಂಡ ಮೇಲೆ ಸ್ಟೇಷನ್ನಿಗೆ ಹೋಗುವುದು ಹೇಗೆ ಎಂಬುದು ಜಯಮ್ಮನ ಲೆಕ್ಕಾಚಾರ. ನಾನು ಆಸ್ಪತ್ರೆ, ಎಕ್ಸ್‌ರೇ ಎಂದು ಬಡಕೊಂಡೆ. “ಎಕ್ಸ್‌ರೇಲಿ ಮೂಳೆ ಕಾಣ್ತದೆ ಅಷ್ಟೇಯ ಅಮ್ಮಾರೆ, ಕೂಡ್ಕಳಲ್ಲ” ಅಂದಳು.

ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಕಟ್ಟು ಬಿಚ್ಚಿದಾಗ ಮಣಿಕಟ್ಟು ಒಂದು ಕಡೆಗೆ ವಾಲಿತ್ತು. ಬೆರಳುಗಳು ಬಿಗಿಯುತ್ತಿರಲಿಲ್ಲ. ಬಿಸಿನೀರಿಗೆ ಇಳಿದರೆ ಎಳೆ ಸಿಗುತ್ತಿರಲಿಲ್ಲ. ಘಟಕದವರು ಅವಳನ್ನು ಕೆಟ್ಟ ಗೂಡು ಬೇರೆ ಮಾಡುವ ಮೂಲೆಗೆ ಕೂರಿಸಿದರು. ಕೂಲಿ ಅರ್ಧವಾಯಿತು, ಬಾಯಿ ಕಾಲುಭಾಗವಾಯಿತು. ನಮ್ಮ ಗೇಟಿನ ಮುಂದೆ ಸುಮ್ಮನೆ ಹಾದುಹೋಗತೊಡಗಿದಳು. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು, ಆಪರೇಷನ್ ಮಾಡಿ ಪ್ಲೇಟು ಹಾಕಿದರೆ ಕೈ ನೆಟ್ಟಗಾಗುತ್ತದೆ, ಹೆಚ್ಚು ತಡ ಮಾಡಿದರೆ ಹೇಳಲಾರೆ ಅಂದರು. ಆಪರೇಷನ್ನಿಗೆ ಅವಳ ಹತ್ತಿರ ಏನಿತ್ತು? ಆಗ ಯಾರೋ ಹೇಳಿದರು: ಬೈಕಿಗೆ ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಹಾಕಿ.

ಲಾಯರ್ ನಂಜುಂಡೇಗೌಡರು ಕೇಳಿದ ಮೊದಲ ಪ್ರಶ್ನೆ: “ನೋಡಿದವರು ಯಾರಿದ್ದಾರೆ?” ಜಯಮ್ಮ ಇಡೀ ಬೀದಿಯನ್ನೇ ಕರೆದುಕೊಂಡು ಹೋದಳು. “ನೀವೇನ್ ನೋಡಿದ್ರಿ?” “ಗೂಡು ಸಾರ್.” “ನೀವಮ್ಮಾ?” “ನಾನೂ ಗೂಡೇಯ. ಒಸಿ ಒದ್ದೆ ಆಗಿದ್ವು.” ಗೌಡರು ಪೆನ್ನು ಕೆಳಗಿಟ್ಟರು. ಆಗ ಜಯಮ್ಮ, ತುಸು ಆಕ್ಷೇಪಣೆಯ ದನಿಯಲ್ಲೇ, “ಅಮ್ಮಾರೊಬ್ರು ಬಗ್ಗಲೇ ಇಲ್ಲ ಸಾರ್. ಒಂದ್ ಗೂಡೂ ಆಯ್ಲಿಲ್ಲ” ಅಂದಳು. ಗೌಡರು ಎದ್ದು ನಿಂತು ನನಗೆ ಕುರ್ಚಿ ಕೊಟ್ಟರು. ಜೀವಮಾನದಲ್ಲಿ ನನ್ನ ಮಂಡಿನೋವಿಗೆ ಸಿಕ್ಕ ಮೊದಲ ಗೌರವ ಅದು.

ಸಾಕ್ಷಿಗೆ ಕಾಯುತ್ತಾ ಕೋರ್ಟಿನ ಪಡಸಾಲೆಯಲ್ಲಿ ಕೂತದ್ದು ನನಗೆ ದೊಡ್ಡ ಎಜುಕೇಷನ್. ಅಲ್ಲಿ ಜನ ಪರಸ್ಪರ ಪೆಟ್ಟು ವಿಚಾರಿಸುವುದು, ಮದುವೆಮನೆಯಲ್ಲಿ ಮಕ್ಕಳೆಷ್ಟು ಎಂದು ವಿಚಾರಿಸಿದ ಹಾಗೆ. ಒಬ್ಬಾಕೆಯ ಕಾಲ್ಬೆರಳಿನ ಮೇಲೆ ಚರಂಡಿಯ ಚಪ್ಪಡಿ ಮಗುಚಿತ್ತು. ಬಿಡದಿ ಕೈಗಾರಿಕಾ ಪ್ರದೇಶದ ಕಡೆಯವನೊಬ್ಬ, ಕಂಪನಿ ಬಸ್ಸಿನಿಂದ ಇಳಿಯುವಾಗ ಬಸ್ಸು ತನಗಿಂತ ಮೊದಲೇ ಹೊರಟದ್ದನ್ನು ಕೈಸನ್ನೆ ಮಾಡಿ ತೋರಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಕಲ್ಯ ಎಂಬ ಊರಿನ ರೈತರೊಬ್ಬರು, “ನಂದು ಹೋರಿ. ನಿಮ್ದು?” ಅಂದರು. ಬೈಕು ಅಂದೆ. “ಬೈಕ್ ಆದ್ರೆ ಬುಡಿ ತಾಯಿ, ಇನ್ಸೂರೆನ್ಸ್ ಇರ್ತದೆ. ಪಕ್ಕದ್ ಮನೆ ಹೋರಿಗೆ ಎಲ್ಲೈತೆ? ಗುದ್ದಿದ್ ಮ್ಯಾಲೆ ಮಾಲೀಕ ಬಂದು, ನಮ್ ಹೋರಿ ಕೊಂಬಿಗೆ ಪೆಟ್ಟಾಗೈತೆ ಅಂತ ನನ್ ಮೇಲೇ ಕೂಗಾಡ್ದ!” ಎಂದು ನಿಟ್ಟುಸಿರು ಬಿಟ್ಟರು.

ಕೂತಲ್ಲೇ ನಾನೂ ನನ್ನ ಕ್ಲೇಮುಗಳನ್ನು ಜೋಡಿಸಿಕೊಂಡೆ. ಕ್ಲಾಸಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಸಿಸ್ಟರ್ ಅಗ್ನೆಸ್ ರೂಲರಿನಲ್ಲಿ ಬೆರಳ ಗಂಟಿಗೆ ಬಾರಿಸಿದ್ದಾರೆ. ಆದರೆ ಪ್ರತಿವಾದಿ ಸ್ವರ್ಗದಲ್ಲಿದ್ದಾರೆ, ಸಮನ್ಸ್ ತಲುಪಿಸುವುದು ಯಾರು? ಮಂಡಿನೋವಿಗೆ ಕಾರಣ ನಮ್ಮ ಯಜಮಾನರು ಪ್ಲಾನ್ ಮಾಡಿ ಕಟ್ಟಿಸಿದ ಎತ್ತರದ ಮೆಟ್ಟಿಲುಗಳು. ಅವರೂ ಅದೇ ವಿಳಾಸಕ್ಕೆ ಹೋಗಿ ವರ್ಷಗಳಾದವು. ಇದ್ದಿದ್ದರೂ ಕೇಸು ಹಾಕುತ್ತಿರಲಿಲ್ಲ, ಜಗಳವಾಡುತ್ತಿದ್ದೆ. ಜಗಳವಾಡಿದ ದಿನ ಸಂಜೆ ಅವರೇ ಸೌತೆಕಾಯಿ ಸ್ಯಾಂಡ್‌ವಿಚ್ ಮಾಡುತ್ತಿದ್ದರು. ಅಂಥ ಪರಿಹಾರವನ್ನು ಯಾವ ಕೋರ್ಟು ಕೊಡುತ್ತದೆ?

ನನಗಿಂತ ಮೊದಲು ಪುಟ್ಟಸ್ವಾಮಿಯ ಸರದಿ. ಅವನದು ವಿಚಿತ್ರ ಸಂಕಟ. “ನಾನೇ ಗುದ್ದಿದ್ದು ಸ್ವಾಮಿ” ಅಂದ. ಇನ್ಶೂರೆನ್ಸ್ ಕಂಪನಿಯ ವಕೀಲರು, “ನೀವು ಗುದ್ದೇ ಇಲ್ಲ. ಆಕೆ ಬೇರೆಲ್ಲೋ ಬಿದ್ದು ಕೈ ಮುರಿದುಕೊಂಡಿದ್ದಾರೆ. ಇಬ್ಬರೂ ಸೇರಿ ಕಥೆ ಕಟ್ಟಿದ್ದೀರಿ” ಅಂದರು. “ಅಯ್ಯೋ, ಗುದ್ದಿದ್ದೀನಿ ಸ್ವಾಮಿ, ನಂಬಿ!” ಎಂದು ಅವನು ಕೈಮುಗಿದ. ಗುದ್ದಿದವನು ಹೌದೆನ್ನುತ್ತಾನೆ, ಗುದ್ದಿಸಿಕೊಂಡವಳು ಹೌದೆನ್ನುತ್ತಾಳೆ, ಬೀದಿಯಲ್ಲೇ ಇಲ್ಲದಿದ್ದ ಕಂಪನಿ ಅಲ್ಲವೆನ್ನುತ್ತದೆ. ಆದರೂ ವಕೀಲರ ಮಾತಿಗೆ ತೂಕವಿತ್ತು. ಅಂದು ಪೊಲೀಸ್ ದೂರಿಲ್ಲ, ಆಸ್ಪತ್ರೆ ಇಲ್ಲ, ಎಕ್ಸ್‌ರೇ ತೆಗೆಸಿದ್ದು ಎಷ್ಟೋ ವಾರದ ಮೇಲೆ. ಅಂದೇ, ಅಲ್ಲೇ ಕೈ ಮುರಿಯಿತು ಎಂದು ಹೇಳಲು ಉಳಿದವಳು ನಾನೊಬ್ಬಳೇ. ಜಯಮ್ಮ ಹಿಂದಿನ ಬೆಂಚಿನಲ್ಲಿ ಸೊಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು.

“ಚುಟುಕಾಗಿ ಹೇಳಿ ಮೇಡಂ” ಎಂದು ನಂಜುಂಡೇಗೌಡರು ಬೇಡಿಕೊಂಡಿದ್ದರು. ಚುಟುಕು ನನ್ನ ಜಾಯಮಾನವಲ್ಲ. ನೀವೇ ನೋಡುತ್ತಿದ್ದೀರಿ.

“ಕನ್ನಡಕ ಹಾಕ್ತೀರಾ?” ಕಂಪನಿಯ ವಕೀಲರು ಶುರುಮಾಡಿದರು.

“ಓದುವುದಕ್ಕೆ. ದೂರದ್ದು ಪರ್ಫೆಕ್ಟ್. ಹತ್ತಿರದ್ದು ಮಾತ್ರ ಮಂಜು. ಈಗ ತಾವು ಸ್ವಲ್ಪ ಹಾಗೇ ಕಾಣ್ತಾ ಇದ್ದೀರಿ.”

ಬೆರಳಚ್ಚಿನಾಕೆ ನಕ್ಕು ತಲೆ ತಗ್ಗಿಸಿದಳು.

“ಬೈಕ್ ಬಿದ್ದ ಮೇಲೆ ಅರ್ಜಿದಾರರು ರಸ್ತೆಯಲ್ಲಿ ಗೂಡು ಆಯುತ್ತಿದ್ದರು. ಸರಿಯೇ?”

“ಸರಿ.”

ಗೌಡರು ಹಣೆಗೆ ಕೈ ಹಚ್ಚಿದ್ದು ನನಗೆ ದೂರದಿಂದ ಸ್ಪಷ್ಟವಾಗಿ ಕಂಡಿತು.

“ಅಂದರೆ ಆಗ ಅವರ ಕೈ ಮುರಿದಿರಲಿಲ್ಲ. ಹೌದು ಅಥವಾ ಇಲ್ಲ, ಅಷ್ಟೇ ಹೇಳಿ.”

“ಸಾರಿ, ಅಷ್ಟೇ ಹೇಳೋಕಾಗಲ್ಲ. ಎಲ್ಲರೂ ಬೊಗಸೆಯಲ್ಲಿ ಬಾಚುತ್ತಿದ್ದರು. ಜಯಮ್ಮ ಮಾತ್ರ ಎಡಗೈಯಲ್ಲಿ ಒಂದೊಂದೇ ಆಯ್ದು ಮಡಿಲಿಗೆ ಹಾಕುತ್ತಿದ್ದಳು.”

ನ್ಯಾಯಾಧೀಶರು ತಲೆಯೆತ್ತಿದರು. “ಇಷ್ಟು ದಿನದ ಮೇಲೆ ಅದು ಹೇಗೆ ನೆನಪಿದೆ?”

“ಗದರಿದ್ದೆ ಸರ್. ಅವಳದು ಊರಿಗೇ ಚುರುಕಿನ ಕೈ. ಇವತ್ತೇ ಯಾಕೆ ಹೀಗೆ ತೂಕಡಿಸುತ್ತಾಳೆ ಅಂತ ಸಿಟ್ಟು ಬಂತು. ಗೇಟಿನಲ್ಲಿ ನಿಂತು, ‘ಎರಡೂ ಕೈ ಹಾಕೇ ಜಯಮ್ಮ, ಬೇಗ ಆಗುತ್ತೆ!’ ಅಂತ ಕೂಗಿದೆ. ಅವಳು ‘ಬಲಗೈ ಬತ್ತಿಲ್ಲ ಅಮ್ಮಾರೆ’ ಅಂದಳು. ಬಲಗೈಯನ್ನು ಎದೆಗೆ ಅವಚಿಕೊಂಡಿದ್ದಳು, ಕೂಸನ್ನು ಎತ್ತಿಕೊಂಡ ಹಾಗೆ.”

“ಅರ್ಜಿದಾರರು ನಿಮಗೆ ಬೇಕಾದವರು, ಅದಕ್ಕೇ ಸುಳ್ಳು ಹೇಳುತ್ತಿದ್ದೀರಿ” ಅಂದರು ವಕೀಲರು. ಅದು ಅವರು ಎಲ್ಲರಿಗೂ ಹೇಳುವ ಮಾತಂತೆ, ನನಗೆ ಗೊತ್ತಿರಲಿಲ್ಲ. ಕಾನ್ವೆಂಟು ಮರೆತುಹೋಯಿತು. “ರೀ ಸ್ವಾಮಿ, ಸುಳ್ಳೇ ಹೇಳುವುದಾದರೆ ಕೈ ಮುರಿದವಳಿಗೆ ಗದರಿದೆ ಅಂತ ಹೇಳುತ್ತಿದ್ದೆನಾ? ಓಡಿಹೋಗಿ ಎತ್ತಿದೆ, ನೀರು ಕೊಟ್ಟೆ ಅನ್ನುತ್ತಿದ್ದೆ. ಇದು ನನಗೇನು ಮರ್ಯಾದೆ ತರುವ ಮಾತಾ?” ಅಂದೆ. ನ್ಯಾಯಾಧೀಶರು ಅದನ್ನು ಹಾಗೇ ಬರೆಸಿದರು. ಹಿಂದಿನ ಬೆಂಚಿನಿಂದ ಜಯಮ್ಮ, ಪಿಸುಮಾತೆಂದು ತಾನು ತಿಳಿದಿದ್ದ ದನಿಯಲ್ಲಿ, “ದಿಟ ಸ್ವಾಮಿ, ಬೋ ಜೋರಾಗಿ ಕೂಗುದ್ರು” ಅಂದಳು.

ಮುಂದಿನ ಲೋಕ ಅದಾಲತ್ತಿಗೆ ಕಂಪನಿಯವರೇ ರಾಜಿಗೆ ಬಂದರು. ಆಪರೇಷನ್ನಿಗೂ, ಕೆಲಸವಿಲ್ಲದ ತಿಂಗಳುಗಳಿಗೂ ಆಗುತ್ತದೆ ಎಂದು ಗೌಡರು ಹೇಳಿದರು. “ಒಪ್ಕಳ್ಳಾ ಅಮ್ಮಾರೆ?” ಎಂದು ಜಯಮ್ಮ ನನ್ನ ಮುಖ ನೋಡಿದಳು. ಹೂಂ ಅಂದೆ. ಅವಳು ಎಡಗೈಯಲ್ಲಿ ವಕ್ರವಕ್ರವಾಗಿ ಸಹಿ ಹಾಕುವಾಗ ಪುಟ್ಟಸ್ವಾಮಿ ಪಕ್ಕದಲ್ಲಿ ನಿಂತು, “ನಿಧಾನ ಕಣಕ್ಕ, ನಿಧಾನ” ಅನ್ನುತ್ತಿದ್ದ. ಈ ಮಾತನ್ನು ಅಂದು ಬೈಕಿಗೆ ಹೇಳಿದ್ದರೆ ನಾವ್ಯಾರೂ ಅಲ್ಲಿರುತ್ತಿರಲಿಲ್ಲ.

ಆಪರೇಷನ್ ಆಯಿತು. ಮಣಿಕಟ್ಟು ನೆಟ್ಟಗಾಯಿತು. ಬೆರಳಿಗೆ ಬಲ ಬರಲೆಂದು ದಿನಾ ಅಮುಕಲು ಒಂದು ರಬ್ಬರ್ ಚೆಂಡು ಕೊಟ್ಟರು. “ಈ ವಯಸ್ನಲ್ಲಿ ಚೆಂಡ್ ಹಿಡ್ಕಂಡ್ ಕೂತ್ರೆ ಜನ ಏನಂದಾರು?” ಎಂದು ಜಯಮ್ಮ ಒಪ್ಪಲಿಲ್ಲ. ಚಪಾತಿ ಹಿಟ್ಟು ನಾದಿದರೂ ಆಗುತ್ತದೆ ಅಂದರಂತೆ. ಅವರ ಮನೆಯಲ್ಲಿ ಎರಡು ಹೊತ್ತೂ ಮುದ್ದೆ, ಚಪಾತಿ ಕೇಳುವವರಿಲ್ಲ. ಹೀಗಾಗಿ ಈಗ ದಿನಾ ಸಂಜೆ ನಮ್ಮ ಮನೆಗೆ ಬಂದು, ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಹಿಟ್ಟನ್ನು ನಾದುತ್ತಾಳೆ. ಮೊದಮೊದಲು ಹಿಟ್ಟಿನ ಮೇಲೆ ಅವಳ ಬೆರಳ ಗುರುತೇ ಮೂಡುತ್ತಿರಲಿಲ್ಲ. ಈಗ ನಾಲ್ಕು ಬೆರಳೂ ಆಳವಾಗಿ ಮೂಡುತ್ತವೆ. ಕಿರುಬೆರಳು ಮಾತ್ರ ಇನ್ನೂ ಸ್ವಲ್ಪ ಹಟ ಮಾಡುತ್ತಿದೆ. ಬಾಯಿ ಪೂರ್ತಿ ವಾಸಿಯಾಗಿದೆ. ನಾನು ಲಟ್ಟಿಸಿದ ಚಪಾತಿಯನ್ನು ಎತ್ತಿ ಹಿಡಿದು, “ಇದ್ಯಾವ್ ದೇಸದ್ ಭೂಪಟ ಅಮ್ಮಾರೆ?” ಅನ್ನುತ್ತಾಳೆ. ಒಬ್ಬಳಿಗೋಸ್ಕರ ಹಿಟ್ಟು ಕಲೆಸುವ ಉಮೇದಿಲ್ಲದೆ ವರ್ಷಗಟ್ಟಲೆ ಬ್ರೆಡ್ಡು ತಿಂದವಳು ನಾನು. ಈಗ ಸಂಜೆಯಾದರೆ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂರುತ್ತೇನೆ.

ಮೊನ್ನೆ ಡಾಕ್ಟರು, ಇನ್ನೇನು ಸ್ವಲ್ಪ ದಿನದಲ್ಲಿ ನೂಲು ತೆಗೆಯಲು ಕೂರಬಹುದು ಅಂದರಂತೆ. ಕುಣಿಯುತ್ತಾ ಬಂದು ಹೇಳಿದಳು. ನನಗೂ ಸಂತೋಷವಾಯಿತು, ಆನೆಸ್ಟ್ಲಿ. ಆದರೂ ಬಾಯಿಂದ ಬಂದದ್ದು, “ಅವಸರವೇನಿದೆ ಜಯಮ್ಮ? ಕಿರುಬೆರಳು ಇನ್ನೂ ಸರಿಹೋಗಿಲ್ಲ. ನಿಧಾನಕ್ಕೆ ವಾಸಿಯಾಗಲಿ.”

ಅವಳು ನಾದುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ಕೈ ವಾಸಿ ಆದ್ಮೇಲೂ ಬತ್ತೀನಿ ಬುಡಿ ಅಮ್ಮಾರೆ. ಎಲ್ಲೋಯ್ತೀನಿ? ಆದ್ರೆ ಆವಾಗ ಹಿಟ್ ನಾದೋರು ನೀವು, ಕೂತ್ಕಂಡು ಉಣ್ಣೋಳು ನಾನು.”

ಅಂದಿನಿಂದ ನನ್ನ ಬಲಗೈ ಮಣಿಕಟ್ಟು ಸ್ವಲ್ಪ ನೋಯುತ್ತಿದೆ.