ಸೂಟ್‌ಕೇಸ್ ಹಿಡಿದ ಹೆಂಗಸು

ಗಿರಿಯಪ್ಪ ಆ ಬೆಳಿಗ್ಗೆ ಹೆಂಡತಿಯ ಮೊಬೈಲು ಎತ್ತಿಕೊಂಡದ್ದು ಸಮುದ್ರದಲ್ಲಿ ಗಾಳಿ ಹೇಗಿದೆ ಎಂದು ನೋಡಲು. ಅವನದ್ದರಲ್ಲಿ ಚಾರ್ಜು ಇರಲಿಲ್ಲ. ಗಾಳಿಯ ಪುಟ ಅರ್ಧ ತೆರೆಯುವಷ್ಟರಲ್ಲಿ ಅದರ ಮೇಲೆ ಸೂಟ್‌ಕೇಸ್ ಹಿಡಿದು ನಗುವ ಹೆಂಗಸೊಬ್ಬಳು ಬಂದು ನಿಂತಳು. ‘ದಾಂಪತ್ಯ ಸಾಕಾಯಿತೇ? ಬಿಡುಗಡೆಗೆ ದಾರಿ ಇದೆ. ಕಾನೂನು ಸಲಹೆ, ಗುಟ್ಟಾಗಿ.’

ನಾವು ಏನನ್ನು ಹುಡುಕುತ್ತೇವೋ ಮೊಬೈಲು ಅದನ್ನೇ ತೋರಿಸುತ್ತದೆ ಎಂಬುದು ದೋಣಿಗಳು ಬಂದು ನಿಲ್ಲುವ ಮೀನಿನ ದಕ್ಕೆಯಲ್ಲಿ ಎಲ್ಲರೂ ನಂಬಿದ್ದ ಸಂಗತಿ. ಗಿರಿಯಪ್ಪ ಮೊಬೈಲನ್ನು ಸುಡುವ ಪಾತ್ರೆಯಂತೆ ಇದ್ದಲ್ಲೇ ಇಟ್ಟ.

ಮೋಹಿನಿ ಸ್ನಾನ ಮುಗಿಸಿ ಬಂದಾಗ ಚಹಾ ತಯಾರಿತ್ತು. ಸಕ್ಕರೆ ಡಬ್ಬ ಸಿಗದೆ ಗಂಡ ಅದಕ್ಕೆ ಬೆಲ್ಲ ಹಾಕಿದ್ದ. ಮದುವೆಯಾದ ಮೇಲೆ ಅವನು ಒಲೆ ಹಚ್ಚಿದ್ದು ಇದೇ ಮೊದಲು.

“ಎಂತ, ಹುಷಾರಿಲ್ವಾ ನಿಮಗೆ?”

“ನನಗೆಂತ ಆಗ್ಬೇಕು? ಅದು... ನೀನು ಕನ್ಯಾಕುಮಾರಿ ಅಂತ ಹೇಳ್ತಿದ್ದಿಯಲ್ಲ. ಹೋಗಿ ಬಾ.”

ಮೋಹಿನಿ ಲೋಟ ಕೆಳಗಿಟ್ಟಳು. ಅತ್ತಾವರದಲ್ಲಿ ನರ್ಸ್ ಆಗಿದ್ದ ಗೆಳತಿ ಆಶಾಲತಾ ಮೂರು ದಿನದ ಪ್ರವಾಸಕ್ಕೆ ಕರೆಯುತ್ತಲೇ ಇದ್ದಳು. ಹೆಸರು ಹೇಳಲು ಇವತ್ತು ಸಂಜೆಯೇ ಕೊನೆ. ಮೋಹಿನಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಮೀನು ಬುಟ್ಟಿಗಳಿಲ್ಲದ ಒಂದು ಸಮುದ್ರದ ಮುಂದೆ, ಊಟಕ್ಕೆ ಎಂತ ಎಂದು ಯಾರೂ ಕೇಳದ ಒಂದು ಜಾಗದಲ್ಲಿ, ಸುಮ್ಮನೆ ಕೂರಬೇಕಿತ್ತು.

ಗಿರಿಯಪ್ಪ ಅಂದು ದಕ್ಕೆಗೂ ಹೋಗಲಿಲ್ಲ. ಜೀವನವಿಡೀ ಮೀನು ಮಾರಿದವನು ಮನೆಯಲ್ಲಿ ಒಂದು ಬಂಗುಡೆಯನ್ನೂ ಕೊಯ್ದವನಲ್ಲ. ಇವತ್ತು ತಾನೇ ಕೊಯ್ಯುತ್ತೇನೆಂದು ಕೂತ. ಮೀನು ಮಾತ್ರ ಬಿಟ್ಟು ಅಡುಗೆಮನೆಯ ಉಳಿದೆಲ್ಲವೂ ಕೆಂಪಾಯಿತು. ಅವನು ಒಂದು ಕೆಲಸ ಮುಗಿಸುವಾಗ ಮೋಹಿನಿಗೆ ಎರಡು ಹುಟ್ಟುತ್ತಿದ್ದವು. ಗೋಡೆ ಒರೆಸುತ್ತಾ, ಪ್ರೀತಿಗೂ ಇಷ್ಟು ಸುಸ್ತು ಮಾಡಿಸುವ ಶಕ್ತಿ ಇದೆಯೇ ಎಂದುಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಡ್ಯಾಫ್ನಿ ಬಾಯಿ ಬಂದರು. ಗಿರಿಯಪ್ಪನನ್ನು ಹೊರಗೆ ಕಳಿಸಿ ಕುರ್ಚಿ ಎಳೆದುಕೊಂಡರು.

“ನನ್ನ ಹತ್ರ ಮುಚ್ಚಿಡ್ಬೇಡ ಮೋಹಿನಿ. ನಿನ್ನ ಗಂಡ ಎಲ್ಲ ಹೇಳಿ ಆಯ್ತು. ವಕೀಲರನ್ನು ಮೊಬೈಲಲ್ಲಿ ಹುಡುಕುವುದಾ? ನಮಗೆ ಗೊತ್ತಿದ್ದವರು ಇದ್ದಾರೆ, ಕೇಳಬಾರದಾ?”

“ಯಾವ ವಕೀಲರು ಬಾಯಿ?”

“ಅದೇ, ಡೈವೋರ್ಸಿಂದು,” ಎಂದು ಡ್ಯಾಫ್ನಿ ಬಾಯಿ ಕೂಳೂರು ಸೇತುವೆಯವರೆಗೆ ಕೇಳುವಷ್ಟು ಮೆಲ್ಲಗೆ ಹೇಳಿದರು.

ಮೋಹಿನಿಗೆ ಈಗ ಬೆಲ್ಲದ ಚಹಾ ಅರ್ಥವಾಯಿತು. ತಾನು ಯಾವ ವಕೀಲರನ್ನೂ ಹುಡುಕಿಲ್ಲ ಎಂದು ಹೇಳಿಬಿಡಬೇಕು ಎನಿಸಿತು. ಮರುಕ್ಷಣ, ಹೇಳದಿದ್ದರೇನು ಎಂದೂ ಎನಿಸಿತು. ಕನ್ಯಾಕುಮಾರಿಗೆ ಹೋಗಿ ಬಂದ ಮೇಲೆ ಹೇಳಿದರಾಯಿತು. ಆ ಯೋಚನೆಗೆ ಅವಳಿಗೇ ನಾಚಿಕೆಯಾಯಿತು, ಆದರೂ ಬಿಡಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಮಲ್ಪೆಯಿಂದ ಮೋಹಿನಿಯ ಅಣ್ಣನ ಫೋನು ಬಂತು. ಸುದ್ದಿ ಅಲ್ಲಿಗೂ ಮುಟ್ಟಿತ್ತು. “ನಾಳೆ ಗುರಿಕಾರರನ್ನು ಕರ್ಕೊಂಡು ಬರ್ತೇನೆ. ಅಷ್ಟರವರೆಗೆ ನೀನು ಎಲ್ಲಿಗೂ ಹೋಗ್ಬೇಡ.”

ಗುರಿಕಾರರೆಂದರೆ ತವರಿನ ಕಡೆಯ ಜಗಳಗಳನ್ನೆಲ್ಲ ಕೂತು ಬಗೆಹರಿಸುವ ಹಿರಿಯರು. ಒಮ್ಮೆ ಕೂತರೆ ಎರಡು ಹೊತ್ತಿನ ಊಟವಾಗದೆ ಏಳುವವರಲ್ಲ.

“ಅಣ್ಣ, ನಾನು ಎಂತದೂ ಹುಡುಕ್ಲಿಲ್ಲ.”

“ಹುಡುಕದೆ ಹೇಗೆ ಬರ್ತದೆ?”

ಅದೇ ಪ್ರಶ್ನೆಯನ್ನು ಅವಳು ಪ್ರೇಮನಿಗೆ ಕೇಳಿದಳು. ಆ ಓಣಿಯ ಮನೆಗಳಿಗೆಲ್ಲ ಇಂಟರ್ನೆಟ್ ಕೇಬಲ್ ಎಳೆದವನು ಅವನೇ. ಆಕಳಿಸುತ್ತಾ ಬಂದ, ಆಕಳಿಸುತ್ತಲೇ ಮೊಬೈಲು ನೋಡಿದ.

“ಇದು ನೀವು ಹುಡುಕಿದ್ದಲ್ಲ ಅಕ್ಕ. ನಮ್ಮ ಕಂಪೆನಿಯವರೇ ಲೈನಿಗೆ ಬಿಡುವ ಜಾಹೀರಾತು. ನೀವು ಯಾವ ಪುಟ ತೆರೆದ್ರೂ ಅದರ ಮೇಲೆ ಅಂಟಿಸ್ತಾರೆ.”

“ನನ್ನನ್ನು ಕೇಳದೆ?”

“ನನ್ನನ್ನೇ ಕೇಳುವುದಿಲ್ಲ. ಬೇಕಾದ್ರೆ ಡ್ಯಾಫ್ನಿ ಬಾಯಿಯ ಮನೆಯಲ್ಲಿ ನೋಡುವ. ಅಲ್ಲಿಗೂ ಇದೇ ಲೈನು.”

ಎಲ್ಲರೂ ಪಕ್ಕದ ಮನೆಗೆ ನಡೆದರು. ಡ್ಯಾಫ್ನಿ ಬಾಯಿ ತಮ್ಮ ಮೊಬೈಲಿನಲ್ಲಿ ದಿನದ ಪ್ರಾರ್ಥನೆಯ ಪುಟ ತೆರೆದರು. ಪ್ರಾರ್ಥನೆಯ ಮೇಲೆ ಸೂಟ್‌ಕೇಸಿನ ಹೆಂಗಸು ಬಂದು ನಕ್ಕಳು. ಮೂಲೆಯಲ್ಲಿ ಪೇಪರು ಓದುತ್ತಿದ್ದ ಅವರ ಗಂಡ ಬಗ್ಗಿ ನೋಡಿ, ಎದ್ದು ನಿಂತು, “ನಿನಗೆ ಚಹಾ ಮಾಡ್ಲಾ?” ಎಂದರು.

ಗಿರಿಯಪ್ಪ ಆ ದಿನ ಮೊದಲ ಸಲ ನಕ್ಕ. ಮಲ್ಪೆಗೆ ತಾನೇ ಫೋನು ಮಾಡಿದ. “ಎಂತ ಇಲ್ಲ ಭಾವ, ಬರೇ ಜಾಹೀರಾತು. ಯಾರೂ ಬರ್ಬೇಡಿ.” ಮನೆಗೆ ಬಂದು ಕಾಲು ಚಾಚಿ ಕೂತ.

“ಹಾಗಾದ್ರೆ ಆಶಾಲತಾಳಿಗೆ ನನ್ನ ಹೆಸರು ಹೇಳ್ತೇನೆ,” ಎಂದಳು ಮೋಹಿನಿ.

“ಈಗ ಎಂತಕ್ಕೆ ಮಾರಾಯ್ತಿ? ಮೂರು ದಿನ ಇಲ್ಲಿ ಅಡುಗೆ ಯಾರು ಮಾಡುವುದು?”

“ಬೆಳಿಗ್ಗೆ ನೀವೇ ಹೋಗು ಅಂದ್ರಿ.”

“ಬೆಳಿಗ್ಗೆ ನನಗೆ ಹೆದರಿಕೆ ಇತ್ತು.”

ಮೋಹಿನಿ ಒಳಗೆ ಹೋದಳು. ಸಂಜೆಗೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಅಡುಗೆಮನೆಯಲ್ಲಿ ನಿಂತು, ಬದುಕಿನಲ್ಲಿ ಮೊದಲ ಸಲ, ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು: ವಿಚ್ಛೇದನ, ವಕೀಲರು, ಮಂಗಳೂರು. ಈ ಸಲ ಅಡ್ಡ ಯಾರೂ ಬರಲಿಲ್ಲ. ನಿಜವಾದ ವಕೀಲರ ಹೆಸರು, ವಿಳಾಸ, ಫೋನ್ ನಂಬರುಗಳು ಸಾಲಾಗಿ ನಿಂತವು. ಹೊರಗೆ ಬಂದು ಮೊಬೈಲನ್ನು ಗಂಡನ ಕಣ್ಣೆದುರಿಗೇ ಹಿಡಿದಳು.

ಗಿರಿಯಪ್ಪ ಮೇಲಿನಿಂದ ಕೆಳಗಿನವರೆಗೆ ಓದಿದ.

“ಈ ಕಂಪೆನಿಯವರಿಗೆ ಬೇರೆ ಕೆಲಸ ಇಲ್ಲ,” ಎಂದು ಪುಟವನ್ನು ಬೆರಳಿನಿಂದ ಮುಚ್ಚಿ ಮೊಬೈಲನ್ನು ಅವಳ ಕೈಗಿತ್ತ. “ನೀನು ತಲೆ ಕೆಡಿಸ್ಕೊಳ್ಬೇಡ. ಬಂದಾಗೆಲ್ಲ ಹೀಗೆ ಮುಚ್ಚಿದ್ರಾಯ್ತು.”